ಅಮ್ಮ ಎಮ್ಮೆ ಎಂದು ಕರೆದ ಪ್ರಾಣಿ

ಆ ಪ್ರಾಣಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಅದೀಗ ಯಾವ ಪ್ರಾಣಿಯ ಹೆಸರೂ ಅಲ್ಲ. ಗ್ರೀಕನ್ನೂ ಲ್ಯಾಟಿನ್ನನ್ನೂ ಬೆರೆಸಿ ಕಟ್ಟಿದ, ಹೇಳಹೋದರೆ ನಾಲಿಗೆ ತೊಡರುವ ಹೆಸರು. ನಮ್ಮಮ್ಮ ಒಂದೇ ಒಂದು ಸಲ ಪ್ರಯತ್ನಪಟ್ಟು, "ಅಯ್ಯೋ ಹೋಗೇ, ಇದನ್ನ ಕೂಗಿ ಮುಗಿಸೋಷ್ಟರಲ್ಲಿ ಅದು ಹಿತ್ತಲು ದಾಟಿ ಹೋಗಿರುತ್ತೆ" ಅಂದಳು. ಎಷ್ಟು ದೊಡ್ಡದಿತ್ತು ಎಂದು ಕೇಳಿದಳು. ಎಮ್ಮೆಯಷ್ಟಿತ್ತು, ಕಾಂಗರೂ ಹಾಗೆ ಹೊಟ್ಟೆಯಲ್ಲಿ ಚೀಲ, ಹುಲ್ಲು ಮೇಯುತ್ತಿತ್ತು ಎಂದೆ. ಅವತ್ತಿನಿಂದ ಅದು ನಮ್ಮ ಮನೆಯಲ್ಲಿ ಎಮ್ಮೆಯೇ ಆಯಿತು. ಫೋನ್ ಮಾಡಿದರೆ ಅಮ್ಮ ಮೊದಲು ಕೇಳುತ್ತಿದ್ದುದು "ನಿನ್ನ ಎಮ್ಮೆ ಹೇಗಿದೆ?" ಎಂದು. ನಾನು ಹೇಗಿದ್ದೇನೆ ಎನ್ನುವುದು ಆಮೇಲೆ.

ಎಮ್ಮೆ ಎಂದರೆ ಇಡೀ ಎಮ್ಮೆಯಲ್ಲ. ಒಂದು ಕೆಳದವಡೆ, ಅದೂ ಎಡಗಡೆಯದು ಮಾತ್ರ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಒಂದು ಒಣಗಿದ ಉಪ್ಪಿನ ಕೆರೆಯಲ್ಲಿ ಸಿಕ್ಕಿ, ಗೋಣಿತಾಟಿನಲ್ಲಿ ಸುತ್ತಿಸಿಕೊಂಡು, ಸ್ವಲ್ಪ ದೂರ ಒಂಟೆಯ ಮೇಲೆ, ಉಳಿದ ದೂರ ರೈಲಿನಲ್ಲಿ ಅಡಿಲೇಡಿಗೆ ಬಂದದ್ದು. ಅದು ಹೆಸರಿಡುವವರ ಕಾಲ. ಒಂದು ಹಲ್ಲು ಸಿಕ್ಕರೆ ಒಂದು ಹೊಸ ಪ್ರಾಣಿ, ಅರ್ಧ ತೊಡೆಮೂಳೆ ಸಿಕ್ಕರೆ ಇನ್ನೊಂದು. ಕೋಟು ಹಾಕಿಕೊಂಡ ಮಹನೀಯರು ಮೇಜಿನ ಮುಂದೆ ಕೂತು, ಮೂಳೆಯನ್ನು ಅತ್ತಿತ್ತ ತಿರುಗಿಸಿ ನೋಡಿ, ಧಾರಾಳವಾಗಿ ನಾಮಕರಣ ಮಾಡುತ್ತಿದ್ದರು. ಈ ದವಡೆಯ ಹೊರಮೈಯಲ್ಲಿ, ಹಲ್ಲುಸಾಲಿನ ಕೆಳಗೆ, ಬೆರಳುದ್ದದ ಆಳವಾದ ಒಂದು ಗೀರಿತ್ತು. ಬೇರೆ ಯಾವ ಪ್ರಾಣಿಯ ದವಡೆಯಲ್ಲೂ ಅಂಥದ್ದು ಇರಲಿಲ್ಲ. ಆ ಗೀರಿನ ಬಲದ ಮೇಲೆಯೇ ಹೊಸ ಹೆಸರು ಹುಟ್ಟಿತು.

ಎರಡು ತಲೆಮಾರು ಕಳೆದ ಮೇಲೆ ಇನ್ನೊಬ್ಬ ಮಹನೀಯ ಬಂದ. ಗೀರು ಹುಟ್ಟಿನಿಂದ ಬಂದದ್ದಲ್ಲ, ಮೂಳೆಗಂಟಿದ ಗಟ್ಟಿ ಮಣ್ಣನ್ನು ಬಿಡಿಸುವಾಗ ಯಾರದೋ ಉಳಿ ಜಾರಿ ಆದದ್ದು, ಹಾಗಾಗಿ ಇದು ಮೊದಲೇ ಗೊತ್ತಿರುವ ಬೇರೊಂದು ಪ್ರಾಣಿಯ ದವಡೆಯೇ ಹೊರತು ಹೊಸದೇನಲ್ಲ ಎಂದು ಒಂದೇ ಒಂದು ಪ್ಯಾರಾ ಬರೆದು ಮುಗಿಸಿದ. ಇದನ್ನು ನಮ್ಮ ಕಸುಬಿನಲ್ಲಿ ಹೆಸರು ಮುಳುಗಿಸುವುದು ಎನ್ನುತ್ತಾರೆ. ಹೆಸರು ಮುಳುಗಿತು, ದವಡೆ ಕಪಾಟು ಸೇರಿತು.

ನಾನು ಅದನ್ನು ಮೊದಲು ನೋಡಿದ್ದು ಪರ್ತ್‌ನಲ್ಲಿ, ಅದೂ ಪ್ಲಾಸ್ಟರಿನ ನಕಲು. ಮೈಸೂರಿನಲ್ಲಿ ಭೂವಿಜ್ಞಾನ ಓದಿ ಪಿಎಚ್‌ಡಿ ಮಾಡಲು ಅಲ್ಲಿಗೆ ಹೋಗಿದ್ದೆ. ಹಗಲೆಲ್ಲ ಹಳೆಯ ಕಾಂಗರೂಗಳ ಗಿಣ್ಣಿನ ಮೂಳೆ ಅಳೆಯುವುದು, ಸಂಜೆ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕೌಂಟರಿನ ಹಿಂದೆ ನಿಂತು ಟ್ರಕ್ಕಿನವರಿಗೆ ಪೈ ಬಿಸಿಮಾಡಿ ಕೊಡುವುದು. ಒಂದು ಮಧ್ಯಾಹ್ನ ಕಪಾಟಿನಲ್ಲಿ ಬೇರೇನನ್ನೋ ಹುಡುಕುವಾಗ ಈ ನಕಲು ಕೈಗೆ ಬಂತು. ಹಿಂಬದಿಯಲ್ಲಿ ಆ ಉದ್ದನೆಯ ಹೆಸರು ಬರೆದು, ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದರು. ನನಗೆ ಮೈ ಉರಿಯಿತು. ಒಂದು ಪ್ರಾಣಿಯನ್ನು ಲೋಕದಿಂದ ಅಳಿಸಿಹಾಕಲು ಒಂದು ಪ್ಯಾರಾ ಸಾಕೇ? ಆ ಮನುಷ್ಯ ಗೀರಿನೊಳಗೆ ಸರಿಯಾಗಿ ಇಣುಕಿ ನೋಡಿದ ಲಕ್ಷಣವೇ ಆ ಬರಹದಲ್ಲಿರಲಿಲ್ಲ.

ನಿವೃತ್ತಿಯ ಅಂಚಿನಲ್ಲಿದ್ದ ನನ್ನ ಗೈಡ್ ಒಳ್ಳೆಯ ಮನುಷ್ಯ. "ಅದರ ಬೆನ್ನು ಹತ್ತಬೇಡ, ನಿನ್ನನ್ನು ತಿಂದುಹಾಕುತ್ತೆ" ಎಂದು ಅವನ ಇಂಗ್ಲಿಷಿನಲ್ಲಿ ಹೇಳಿದ. "ಹುಲ್ಲು ತಿನ್ನೋ ಪ್ರಾಣಿ, ನನ್ನನ್ನೇನು ತಿನ್ನುತ್ತೆ" ಎಂದು ನನ್ನ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವನು ನಗಲಿಲ್ಲ. ಗಿಣ್ಣಿನ ಮೂಳೆಗಳ ಮೇಲೆ ಪಿಎಚ್‌ಡಿ ಮುಗಿಯಿತು, ಆಮೇಲೆ ಆರು ತಿಂಗಳಿಗೆ, ವರ್ಷಕ್ಕೆ ಎಂದು ಗುತ್ತಿಗೆಯ ಕೆಲಸಗಳು ಬಂದವು, ಹೋದವು. ನನ್ನ ಜೊತೆಯವರು ಗಣಿ ಕಂಪನಿಗಳನ್ನು ಸೇರಿ ಮನೆ ಕಟ್ಟಿಸಿದರು. ನಾನು ರಜಾದಿನಗಳಲ್ಲಿ ಎಮ್ಮೆಯ ದವಡೆಯ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನೋಡುತ್ತ ಕೂತೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಬ್ರಿಸ್ಬೇನಿನಲ್ಲಿ ಇನ್ನೊಂದು ಗುತ್ತಿಗೆ ಸಿಕ್ಕಿತು. ಅಲ್ಲಿ ರನ್‌ಕಾರ್ನ್‌ನಲ್ಲಿ ನಮ್ಮಣ್ಣನ ಮನೆಯಿತ್ತು, ಅಣ್ಣನ ಮಗಳು ಹುಟ್ಟಿದಾಗ ಬಂದ ಅಮ್ಮ ಅಲ್ಲೇ ಉಳಿದುಬಿಟ್ಟಿದ್ದಳು. ಪರ್ತ್‌ನಿಂದ ನಾನು ಪೆಟ್ಟಿಗೆ ಎಳೆದುಕೊಂಡು ಬಂದಾಗ ಬಾಗಿಲಲ್ಲೇ ತಡೆದು ನಿಲ್ಲಿಸಿದಳು. "ನಿಲ್ಲೇ ಅಲ್ಲೇ, ಒಳಗೆ ಕಾಲಿಡಬೇಡ." ತಟ್ಟೆಯಲ್ಲಿ ಅರಿಶಿನದ ನೀರು. ಮೈಸೂರಿನಿಂದ ತಂದ ಎಲೆಅಡಿಕೆಯ ಸುಣ್ಣದ ಡಬ್ಬಿಯಿಂದ ಬೆರಳ ತುದಿಯಷ್ಟು ತೆಗೆದು ಅದರಲ್ಲಿ ಕದಡಿದಳು. ಹಳದಿ ನೀರು ನೋಡನೋಡುತ್ತ ಕೆಂಪಗಾಯಿತು. ಅದನ್ನು ನನ್ನ ಮುಖದ ಮುಂದೆ ಮೂರು ಸುತ್ತು ಎತ್ತಿ, ಹಣೆಗೆ ಬೊಟ್ಟಿಟ್ಟು, ಉಳಿದದ್ದನ್ನು ಅಣ್ಣನ ಡ್ರೈವ್‌ವೇಯ ಅಂಚಿಗೆ ಚೆಲ್ಲಿದಳು. ಎದುರುಮನೆಯ ವಿಯೆಟ್ನಾಮಿ ಆಂಟಿ ನಲ್ಲಿಯ ಪೈಪು ಹಿಡಿದವಳು ಗಾಬರಿಯಾಗಿ ನೋಡುತ್ತಿದ್ದಳು. "ಅವಳಿಗೇನು ಗೊತ್ತು, ಬಿಡು" ಅಂದಳು ಅಮ್ಮ.

ಅಮ್ಮ ಮೈಸೂರಿನಲ್ಲಿ ರವಿಕೆ ಹೊಲಿದು ನಮ್ಮಿಬ್ಬರನ್ನು ಓದಿಸಿದವಳು. ಅವಳ ದೇವರು ಅವಳ ಹೊಲಿಗೆ ಮಿಷನ್ನು. ಆಯುಧಪೂಜೆಯ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಮುಟ್ಟದೆ ಒಂದು ದಿನ ಬಿಡುತ್ತಿದ್ದಳು. "ವರ್ಷವೆಲ್ಲಾ ನಮಗೆ ಅನ್ನ ಹಾಕುತ್ತೆ, ಒಂದಿನ ಅದಕ್ಕೂ ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದಳು. ನಾನು ಕೆಲಸಕ್ಕೆ ಬಳಸುವ ಬ್ರಶ್ಶುಗಳನ್ನು ಇಡಲು, ಉಳಿದ ರವಿಕೆ ಬಟ್ಟೆಯಲ್ಲಿ ಸಾಲಾಗಿ ಜೇಬು ಮಾಡಿ, ಸುತ್ತಿ ಕಟ್ಟುವಂಥ ಒಂದು ಸುರುಳಿಯನ್ನೂ ಅವಳೇ ಹೊಲಿದುಕೊಟ್ಟಿದ್ದಳು. ಲ್ಯಾಬಿನಲ್ಲಿ ಎಲ್ಲರೂ ಅದನ್ನು ಮೆಚ್ಚಿ ನೋಡುವವರೇ.

ಆ ವರ್ಷ ನನ್ನ ಗ್ರಹಚಾರ ತಿರುಗಿತು ಅಂದುಕೊಂಡೆ. ಬಹಳ ಕಾಡಿಬೇಡಿದ ಮೇಲೆ ಅಡಿಲೇಡಿನ ಮ್ಯೂಸಿಯಮ್ಮಿನವರು ದವಡೆಯನ್ನು ಕೆಲವು ತಿಂಗಳ ಮಟ್ಟಿಗೆ ನಮ್ಮ ಲ್ಯಾಬಿಗೆ ಕಳಿಸಲು ಒಪ್ಪಿದರು. ನಕಲಲ್ಲ, ಅಸಲಿ ದವಡೆ. ಅದು ಬಂದ ದಿನ ಪೆಟ್ಟಿಗೆ ಬಿಚ್ಚಿ, ಸ್ಪಂಜಿನ ಮಧ್ಯೆ ಮಲಗಿದ್ದ ಆ ಕಂದು ಮೂಳೆಯನ್ನು ನೋಡಿ ನಾನು ಅತ್ತೇಬಿಟ್ಟೆ. ಗೀರಿನ ತುಂಬ ನೂರು ವರ್ಷದ ಧೂಳು ಕೂತಿತ್ತು. ಸೋಮವಾರ ಬಂದು ಸಾವಕಾಶವಾಗಿ ಧೂಳು ತೆಗೆಯೋಣ ಎಂದು ಮುಚ್ಚಿಟ್ಟು, ಬ್ರಶ್ಶುಗಳ ಕೂದಲನ್ನು ನೇರ್ಪು ಮಾಡಿಕೊಳ್ಳೋಣವೆಂದು ಸುರುಳಿಯನ್ನು ಮನೆಗೆ ತಂದೆ.

ಗೀರಿನೊಳಗೆ ನಾನು ಹುಡುಕಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಆ ಕೆರೆಯ ಮೂಳೆಗಳ ಮೇಲೆಲ್ಲ ತೆಳ್ಳನೆಯ ಸುಣ್ಣದ ಹೊದಿಕೆಯೊಂದು ಬೆಳೆದಿರುತ್ತದೆ. ಮಣ್ಣಿನಡಿ ಸಾವಿರಾರು ವರ್ಷ ಬಿದ್ದಿದ್ದಾಗ ಬೆಳೆದದ್ದು. ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಯು.ವಿ. ದೀಪದಡಿ, ಬ್ಯಾಂಕಿನವರು ನೋಟು ಅಸಲಿಯೋ ಎಂದು ನೋಡುತ್ತಾರಲ್ಲ ಅಂಥ ದೀಪದಡಿ, ಮೆಲ್ಲಗೆ ಹಳದಿಯಾಗಿ ಹೊಳೆಯುತ್ತದೆ. ಗೀರಿನ ಆಳದಲ್ಲಿ ಆ ಹೊಳಪು ಇದ್ದರೆ ಗೀರು ಮಣ್ಣು ಸೇರುವ ಮೊದಲೇ ಇತ್ತು, ಅಂದರೆ ಪ್ರಾಣಿಯದೇ. ಇಲ್ಲದಿದ್ದರೆ ಉಳಿ ಕೆತ್ತಿದ್ದು. ಎಮ್ಮೆಯ ಹೆಸರು ಬದುಕುವುದೂ ಸಾಯುವುದೂ ಅಷ್ಟರ ಮೇಲೆ ನಿಂತಿತ್ತು.

ಆ ಶನಿವಾರ ಅಮ್ಮ ಆಯುಧಪೂಜೆ ಇಟ್ಟುಕೊಂಡಳು. ಹಬ್ಬ ವಾರದ ನಡುವೆ ಬಂದಿದ್ದರೂ ಅಣ್ಣನಿಗೆ ರಜೆ ಸಿಗುವ ದಿನವೇ ಇಲ್ಲಿ ಹಬ್ಬ. ಗ್ಯಾರೇಜಿನಲ್ಲಿ ಸೀರೆ ಹಾಸಿ ಸಾಲಾಗಿ ಜೋಡಿಸಿದ್ದಳು: ಮಿಕ್ಸಿ, ಅಣ್ಣನ ಲ್ಯಾಪ್‌ಟಾಪು, ಡ್ರಿಲ್ಲು, ಹುಲ್ಲು ಕತ್ತರಿಸುವ ಮಿಷನ್ನು, ಬಾರ್ಬಿಕ್ಯೂ ಒಲೆಯ ಇಕ್ಕಳ. "ಅಮ್ಮಾ, ಲಾನ್‌ಮೋವರ್‌ಗೆ ಯಾಕಮ್ಮ ಹಾರ? ಅದು ಸ್ಟಾರ್ಟೇ ಆಗಲ್ಲ" ಅಂದ ಅಣ್ಣ. "ಪೂಜೆ ಮಾಡಿಲ್ಲ, ಅದಕ್ಕೇ ಸ್ಟಾರ್ಟ್ ಆಗಲ್ಲ" ಅಂದಳು ಅಮ್ಮ. ಅಣ್ಣನ ಮಗಳು ತನ್ನ ಐಪ್ಯಾಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಸುರುಳಿಯೂ ಸಾಲಿನಲ್ಲಿತ್ತು. ನನ್ನ ಮುಖ ನೋಡಿ ಅಮ್ಮನೇ ಮೊದಲು ಮಾತಾಡಿದಳು. "ಹೆದರ್ಕೋಬೇಡ ಕಣೇ. ಕುಂಕುಮ ಹಚ್ಚಿಲ್ಲ, ನಿನ್ನ ಎಮ್ಮೆಗೆ ಕಲೆ ಆಗುತ್ತೆ ಅಂತ ನಂಗೊತ್ತಿಲ್ವಾ? ಬರೀ ಒಣ ಅರಿಶಿನ ಸೋಕಿಸಿದೀನಿ. ಆಮೇಲೆ ಸೆರಗಲ್ಲಿ ಒರೆಸಿಡ್ತೀನಿ." ಹೇಳಿದ ಹಾಗೆಯೇ ಮಾಡಿದಳು. ಭಾನುವಾರ ಸಂಜೆ ಒಂದೊಂದೇ ಬ್ರಶ್ಶನ್ನು ಸೆರಗಿನಲ್ಲಿ ಒರೆಸಿ, ಒದರಿ, ಜೇಬಿಗೆ ಸೇರಿಸಿ, ಸುರುಳಿ ಸುತ್ತಿ ನನ್ನ ಬ್ಯಾಗಿನಲ್ಲಿಟ್ಟಳು. ನಾನೂ ಬಿಚ್ಚಿ ನೋಡಿದೆ. ಸ್ವಚ್ಛವಾಗಿಯೇ ಇದ್ದವು.

ಸೋಮವಾರ ಗೀರಿನ ಧೂಳು ತೆಗೆದೆ. ಅತಿ ಸಣ್ಣ ಬ್ರಶ್ಶಿನಿಂದ, ಉಸಿರು ಬಿಗಿಹಿಡಿದು, ಇಡೀ ದಿನ. ಯು.ವಿ. ದೀಪ ಬೇರೆ ವಿಭಾಗದವರ ಹತ್ತಿರವಿತ್ತು, ವಾರದ ಕೊನೆಗೆ ಕೈಗೆ ಸಿಕ್ಕಿತು. ಪರದೆ ಎಳೆದು ದೀಪ ಹಾಕಿದೆ. ದವಡೆಯೆಲ್ಲ ಮಂಕು ನೇರಳೆ, ಹೊರಮೈಯ ಸುಣ್ಣ ಹಿಂದೆಯೇ ಮಣ್ಣಿನ ಜೊತೆ ಕೆರೆದುಹೋಗಿತ್ತು. ಗೀರಿನ ತಳದಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ತೆಳ್ಳಗೆ ಹಳದಿ ಹೊಳಪು.

ನಾನು ಕಿರುಚಿದೆನಂತೆ. ಪಕ್ಕದ ಕೋಣೆಯವರು ಏನೋ ಅನಾಹುತವಾಯಿತೆಂದು ಓಡಿ ಬಂದರು. ಅವರೂ ನೋಡಿದರು. ಅದೇ ಕೆರೆಯ ಬೇರೆ ಮೂಳೆಯೊಂದನ್ನು ಪಕ್ಕದಲ್ಲಿಟ್ಟು ನೋಡಿದೆವು, ಅದರ ಮೇಲಿನ ಸುಣ್ಣವೂ ಹೆಚ್ಚುಕಡಿಮೆ ಹಾಗೆಯೇ ಹೊಳೆಯಿತು. ನನ್ನದು ಸ್ವಲ್ಪ ಗಾಢ ಎಂದು ಯಾರೋ ಅಂದರು. ಆಳದಲ್ಲಿ ದಪ್ಪಗೆ ಕೂತಿದೆ, ಅದಕ್ಕೆ ಎಂದೆ. ಸಂಜೆ ಮನೆಗೆ ಬಂದು ಅಮ್ಮನನ್ನು ತಬ್ಬಿಕೊಂಡೆ. ನಮ್ಮ ಮನೆಯಲ್ಲಿ ತಬ್ಬಿಕೊಳ್ಳುವ ಅಭ್ಯಾಸವೇ ಇಲ್ಲ. "ಎಮ್ಮೆ ಬದುಕಿತಮ್ಮ" ಎಂದೆ. ಅಮ್ಮ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ, "ನೋಡಿದ್ಯಾ, ಪೂಜೆ ಮಾಡಿದ್ದು ಎಲ್ಲಿಗೆ ಹೋಗುತ್ತೆ?" ಅಂದಳು.

ಅಲ್ಲಿಂದ ಎಲ್ಲವೂ ಸರಸರನೆ ನಡೆಯಿತು. ಲೇಖನ ಬರೆದು ಕಳಿಸಿದೆ. ಪತ್ರಿಕೆಯ ಪರವಾಗಿ ಓದಿ ನೋಡಿದವರು ಒಳ್ಳೆಯ ಮಾತು ಬರೆದರು. ಒಂದೇ ಒಂದು ಷರತ್ತು, ಗೀರಿನಿಂದ ಚಿಟಿಕೆಯಷ್ಟು ತೆಗೆದು ಅದು ಸುಣ್ಣವೇ ಎಂದು ಪರೀಕ್ಷಿಸಿ ತೋರಿಸಬೇಕು. ಹೆಸರು ಹೊತ್ತ ದವಡೆಯನ್ನು ಹಾಗೆ ಕೆರೆಯುವ ಅಧಿಕಾರ ಅಡಿಲೇಡಿನವರಿಗೆ ಮಾತ್ರ. ಅಡಿಲೇಡಿನವರೋ, ಅದೇ ಸಮಯಕ್ಕೆ, ತಮ್ಮ ಹಳೆಯ ಮೂಳೆಗಳನ್ನೆಲ್ಲ ಮತ್ತೆ ಪರಿಶೀಲಿಸಲು ಒಬ್ಬರನ್ನು ಖಾಯಂ ಆಗಿ ತೆಗೆದುಕೊಳ್ಳಲು ಹೊರಟಿದ್ದರು. ದವಡೆಯನ್ನು ನೀನೇ ತಂದುಬಿಡು, ಪರೀಕ್ಷೆಯೂ ಆಗಲಿ, ಮಾತುಕತೆಯೂ ಆಗಲಿ ಎಂದರು. ಖಾಯಂ ಎನ್ನುವ ಪದವನ್ನು ನನ್ನ ಬದುಕಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನ್ನ ಗುತ್ತಿಗೆ ಆ ವರ್ಷದ ಕೊನೆಗೆ ಮುಗಿಯುವುದರಲ್ಲಿತ್ತು, ಮುಂದೆ ಏನೂ ಇರಲಿಲ್ಲ.

ಅಮ್ಮ ಪಕ್ಕದ ಬಡಾವಣೆ ಸನ್ನಿಬ್ಯಾಂಕಿನ ದಿನಸಿ ಅಂಗಡಿಯಿಂದ ಹಿಡಿದು ದೇವಸ್ಥಾನದ ಭಜನೆಯವರವರೆಗೆ ಎಲ್ಲರಿಗೂ ಸಾರಿದಳು. "ನನ್ನ ಮಗಳು ಸತ್ತ ಎಮ್ಮೆಗೆ ಜೀವ ಕೊಟ್ಟಿದಾಳೆ. ಅಡಿಲೇಡ್‌ನೋರು ಕರೆದು ಕೆಲಸ ಕೊಡ್ತಿದಾರೆ." ಅಣ್ಣ ತಲೆ ಚಚ್ಚಿಕೊಂಡ. "ಅಮ್ಮಾ, ಅದು ಸತ್ತು ಎಷ್ಟೋ ಸಾವಿರ ವರ್ಷ ಆಯ್ತು. ಇವಳು ಬರೀ ಹೆಸರು ವಾಪಸ್ ಕೊಡಿಸ್ತಿರೋದು." ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಹೆಸರಿಲ್ದೇ ಇರೋದು ಸತ್ತ ಹಾಗೇ ಅಲ್ವೇನೋ ಮತ್ತೆ?" ಅಂದಳು. ಅಣ್ಣ ಎದ್ದುಹೋದ.

ಅಡಿಲೇಡಿನಲ್ಲಿ ಮಾಸನ್ ಲೇಕ್ಸ್ ಎಂಬ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದೆ. ದವಡೆಯ ಪೆಟ್ಟಿಗೆಯನ್ನು ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದೆ, ಬೆಳಿಗ್ಗೆ ರೈಲಿನಲ್ಲೂ ಹಾಗೆಯೇ ಕೂತೆ. ಒಣಗಾಳಿ ಬೀಸುತ್ತಿತ್ತು, ತುಟಿ ಒಡೆದಿತ್ತು. ಆದರೂ ಕಿಟಕಿಯಾಚೆಯ ಒಂದೊಂದು ಸ್ಟೇಷನ್ನನ್ನೂ ನಾಳೆಯಿಂದ ನನ್ನದಾಗುವ ಊರಿನಂತೆ ನೋಡಿದೆ. ಇಷ್ಟು ವರ್ಷಗಳಲ್ಲಿ ಆ ಒಂದು ಬೆಳಿಗ್ಗೆ ನಾನು ಯಾರ ಮೇಲೂ ಸಿಟ್ಟಾಗಿರಲಿಲ್ಲ.

ಮ್ಯೂಸಿಯಮ್ಮಿನ ಕೋಣೆಯಲ್ಲಿ ಇಬ್ಬರಿದ್ದರು. ಸಂಗ್ರಹದ ಮುಖ್ಯಸ್ಥ, ಚಡ್ಡಿ ಹಾಕಿಕೊಂಡಿದ್ದ ಎತ್ತರದ ಮನುಷ್ಯ. ಮತ್ತೆ ಹಳೆಯ ವಸ್ತುಗಳನ್ನು ಕೆಡದಂತೆ ನೋಡಿಕೊಳ್ಳುವವಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ, ಮೆದುಮಾತಿನ ಹೆಂಗಸು. ದೀಪ ಹಾಕಿ ಹೊಳಪನ್ನು ನೋಡಿದರು. ಮುಖ್ಯಸ್ಥ ನನ್ನ ಭುಜ ತಟ್ಟಿದ. ಚಿಟಿಕೆ ತೆಗೆಯುವ ಮೊದಲು ಮೇಲಿನ ಹಳೆಯ ಅರಗಿನ ಲೇಪವನ್ನು ಒಂದಿಷ್ಟು ಬಿಡಿಸಬೇಕು ಎಂದಳು ಆ ಹೆಂಗಸು. ಆ ಕಾಲದವರು ಮೂಳೆ ಪುಡಿಯಾಗದಿರಲೆಂದು ಅರಗು ಬಳಿಯುತ್ತಿದ್ದರು. ಅದನ್ನು ಕರಗಿಸಲು ಅಮೋನಿಯಾ ಬೆರೆಸಿದ ನೀರು. ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಗೀರಿನೊಳಗೆ ಮೆಲ್ಲಗೆ ಉರುಳಿಸಿ ಹೊರತೆಗೆದಳು.

ಹತ್ತಿ ಕೆಂಪಾಗಿತ್ತು.

"ಕಬ್ಬಿಣ ಇರಬೇಕು, ತುಕ್ಕು" ಎಂದ ಮುಖ್ಯಸ್ಥ. ಅವಳು ತಲೆಯಾಡಿಸಿ ಇನ್ನೊಂದು ಕಡ್ಡಿ ತೆಗೆದುಕೊಂಡಳು. ಅದೂ ಕೆಂಪು. ಅವರಿಬ್ಬರೂ ಯಾವ ಖನಿಜ ಇರಬಹುದು ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಬಗ್ಗಿ ಹತ್ತಿಯನ್ನು ನೋಡಿದೆ. ಆ ಕೆಂಪನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬಾಣಂತಿ ಮನೆಗೆ ಬಂದಾಗ, ಮದುವೆ ಹೆಣ್ಣು ಹೊಸಿಲು ದಾಟುವಾಗ, ಪರ್ತ್‌ನಿಂದ ನಾನು ಬಂದಿಳಿದ ದಿನ ರನ್‌ಕಾರ್ನ್‌ನ ಬಾಗಿಲಲ್ಲಿ. ಅಮೋನಿಯಾ ಆದರೇನು, ಸುಣ್ಣವಾದರೇನು, ಅರಿಶಿನಕ್ಕೆ ಎರಡೂ ಒಂದೇ.

"ಅದು ಅರಿಶಿನ" ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ, ಆದರೆ ಅವರಿಗೆ ಅರ್ಥವಾಗಲಿಲ್ಲ. ಅಡಿಗೆಯ ಅರಿಶಿನವೇ ಎಂದು ಆ ಹೆಂಗಸು ಅರ್ಧ ನಗುತ್ತ ಕೇಳಿದಳು. ಹೌದು, ಅಡಿಗೆಯದೇ, ಪೂಜೆಯದೂ ಅದೇ, ನನ್ನ ಬ್ರಶ್ಶಿಗೆ ನಮ್ಮಮ್ಮ ಸೋಕಿಸಿದ್ದು, ಅದೂ ದೀಪದಡಿ ಹಳದಿಯಾಗಿ ಹೊಳೆಯುತ್ತದೆ, ನಾನು ಯಾವತ್ತೂ ಅಡಿಗೆಮನೆಗೆ ಯು.ವಿ. ದೀಪ ಹಿಡಿದುಕೊಂಡು ಹೋದವಳಲ್ಲ ನೋಡಿ ಎಂದೆ. ನನ್ನ ದನಿ ಏರಿಬಿಟ್ಟಿತ್ತು. ಅವಳು ನಗು ನಿಲ್ಲಿಸಿದಳು. ಮಾತಾಡುತ್ತಿದ್ದಂತೆ ಅಮೋನಿಯಾ ಆರಿ, ಕೆಂಪು ಹತ್ತಿ ಮತ್ತೆ ಹಳದಿಗೆ ತಿರುಗಿತು. ತುಕ್ಕು ಹಾಗೆ ತಿರುಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಉಳಿದದ್ದನ್ನು ಹೇಳಲು ಬಹಳವಿಲ್ಲ. ಗೀರನ್ನು ಪೂರ್ತಿ ಒರೆಸಿ ದೀಪ ಹಾಕಿದರು, ಒಳಗೆ ಕತ್ತಲೆ. ದೊಡ್ಡದು ಮಾಡಿ ತೋರಿಸುವ ಗಾಜಿನಡಿ ಇಟ್ಟರು. ಧೂಳೂ ಅರಗೂ ಹೋದ ಮೇಲೆ ಗೀರಿನ ತಳದಲ್ಲಿ ಸಣ್ಣ ಸಣ್ಣ ಮೆಟ್ಟಿಲುಗಳು ಕಂಡವು. ಉಳಿಯ ಬಾಯಿ ಬಿದ್ದು ಬಿದ್ದು ಮುಂದೆ ಹೋದ ಗುರುತು. ನೂರು ವರ್ಷದ ಹಿಂದೆ ಯಾವನೋ ಅವಸರದಲ್ಲಿ ಮಣ್ಣು ಬಿಡಿಸಿದ್ದ, ಅಷ್ಟೇ. ಒಂದು ಪ್ಯಾರಾದ ಮಹನೀಯ ಸರಿಯಾಗಿಯೇ ಇಣುಕಿ ನೋಡಿದ್ದ. ನಾನು ಇಷ್ಟು ವರ್ಷ ಯಾರ ಮೇಲೆ ಹಲ್ಲು ಕಡಿದೆನೋ ಅವನ ಮಾತೇ ನಿಜವಾಗಿತ್ತು. ಇಲ್ಲದ ಪ್ರಾಣಿಯೊಂದಕ್ಕೆ ನನ್ನ ವಯಸ್ಸನ್ನೆಲ್ಲ ಮೇವು ಹಾಕಿದ್ದೆ.

ಮುಖ್ಯಸ್ಥ ಮರ್ಯಾದಸ್ಥ. ನೀನೇ ಹೇಳಿದ್ದು ದೊಡ್ಡತನ ಎಂದ, ಚಹಾ ತರಿಸಿದ, ಕೆಲಸದ ವಿಷಯ ಯೋಚಿಸಿ ತಿಳಿಸುತ್ತೇವೆ ಎಂದ. ಯೋಚಿಸಿ ತಿಳಿಸುತ್ತೇವೆ ಎಂದರೆ ಏನೆಂದು ತಿಳಿಯದಷ್ಟು ಹೊಸಬಳಲ್ಲ ನಾನು. ಅಲ್ಲೇ ಕೂತು ಲೇಖನವನ್ನು ವಾಪಸು ತೆಗೆದುಕೊಳ್ಳುತ್ತೇನೆಂದು ಬರೆದು ಕಳಿಸಿದೆ. ಎಮ್ಮೆಯ ಹೆಸರು ಎರಡನೆಯ ಸಲ ಮುಳುಗಿತು.

ಹೊರಗೆ ಬಂದು ಕಣ್ಣಿಗೆ ಕಂಡ ಬಸ್ಸು ಹತ್ತಿದೆ. ಅದು ಮಾಡ್ಬರಿಗೆ ಹೋಗಿ ನಿಂತಿತು. ಅಲ್ಲಿನ ದೊಡ್ಡ ಶಾಪಿಂಗ್ ಸೆಂಟರಿನಲ್ಲಿ, ಜನ ಚಿಪ್ಸು ತಿನ್ನುತ್ತಿದ್ದ ಟೇಬಲ್ಲುಗಳ ನಡುವೆ ಕೂತೆ. ಕೂತ ಮೇಲೆ ಸಿಟ್ಟು ಬಂತು. ಯಾರು ಕೇಳಿದ್ದರು ಪೂಜೆಯನ್ನು? ಯಾಕೆ ಮುಟ್ಟಬೇಕಿತ್ತು ನನ್ನ ಸಾಮಾನನ್ನು? ಅರಿಶಿನ ಇಲ್ಲದಿದ್ದರೆ ಮೊದಲ ದಿನವೇ ಕತ್ತಲೆ ಕಾಣುತ್ತಿತ್ತು, ಒಂದು ದಿನ ಅತ್ತು ಮುಗಿಸುತ್ತಿದ್ದೆ, ಇಷ್ಟೆಲ್ಲ ಆಸೆಪಟ್ಟು ಇಷ್ಟು ಜನರ ಮುಂದೆ ಹೀಗೆ ಬೀಳುತ್ತಿರಲಿಲ್ಲ. ಅಮ್ಮನಿಗೆ ಇದನ್ನೆಲ್ಲ ಹೇಳಿ ಕೂಗಾಡಿಬಿಡಬೇಕೆಂದೇ ಫೋನ್ ಮಾಡಿದೆ.

"ಹೇಳೇ, ಎಮ್ಮೆ ಹೇಗಿದೆ?" ಅಂದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಪರೀಕ್ಷೆ ಮುಗೀತಮ್ಮ" ಎಂದೆ.

"ಮುಗೀತಾ? ಅಬ್ಬಾ! ನಂಗೊತ್ತಿತ್ತು ಕಣೇ, ನಂಗೊತ್ತಿತ್ತು. ಇರು, ಕುಕ್ಕರ್ ಇಳಿಸ್ಬೇಕು. ನಾಳೆ ಎಷ್ಟೊತ್ತಿಗೆ ಬರ್ತೀಯ? ಹೊಟ್ಟೆಗೆ ಏನಾದ್ರೂ ತಿಂದ್ಯಾ?" ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು. ಮತ್ತೆ ಫೋನ್ ಮಾಡುವ ಶಕ್ತಿ ನನಗಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಬ್ರಿಸ್ಬೇನಿನ ವಿಮಾನ ನಿಲ್ದಾಣಕ್ಕೆ ಅಣ್ಣ ಮಗಳನ್ನು ಕರೆದುಕೊಂಡು ಬಂದಿದ್ದ. ಕಾರಿನಲ್ಲಿ ಎಲ್ಲವನ್ನೂ ಹೇಳಿದೆ, ಅರಿಶಿನದ್ದೂ ಸೇರಿಸಿ. ಹಿಂದಿನ ಸೀಟಿನಿಂದ ಅವನ ಮಗಳು, "ಸೋ ಇಟ್ಸ್ ಎಕ್ಸ್‌ಟಿಂಕ್ಟ್ ಅಗೇನ್?" ಎಂದು ಕೇಳಿದಳು. ಹೌದು ಪುಟ್ಟಾ, ಮತ್ತೆ ನಿರ್ನಾಮ ಎಂದೆ. ಅಣ್ಣ ಸರ್ವೋದಲ್ಲಿ ಗಾಡಿ ನಿಲ್ಲಿಸಿ, ಪೆಟ್ರೋಲ್ ಹಾಕಿಸಿ, ವಾಪಸು ಬಂದು ಸ್ಟೀರಿಂಗ್ ಹಿಡಿದುಕೊಂಡು ಕೂತ. "ಅಮ್ಮಂಗೆ ಹೆಸರು ಹೋಯ್ತು ಅಂತ ಹೇಳು. ಅರಿಶಿನದ್ದೊಂದು ಹೇಳ್ಬೇಡ" ಅಂದ.

"ನಾನ್ಯಾಕೆ ಹೇಳಬಾರ್ದು? ತಪ್ಪು ಮಾಡಿಲ್ವಾ ಅವಳು?"

"ಮಾಡಿದಾಳೆ. ಗೊತ್ತಾದ್ರೆ ಇನ್ಮೇಲೆ ಯಾವುದಕ್ಕೂ ಕೈ ಮುಗಿಯಲ್ಲ ಅವಳು. ನೀನು ನೋಡ್ಕೋ." ಅವನು ಗಾಡಿ ಹೊರಡಿಸಿದ.

ರನ್‌ಕಾರ್ನ್‌ನ ಮನೆಯ ಬಾಗಿಲು ತೆರೆದಿತ್ತು. ಅಮ್ಮ ಗಿಳಿಹಸಿರು ಬಣ್ಣದ ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. "ನಿಲ್ಲೇ ಅಲ್ಲೇ." ಮಾಡಿಟ್ಟರೆ ಮಡ್ಡಿ ಕೂರುತ್ತದೆಂದು ನಾನು ಬಂದ ಮೇಲೆಯೇ ಬೆರೆಸೋಣವೆಂದಿದ್ದಳು. ಹಳದಿ ನೀರಿಗೆ ಬೆರಳ ತುದಿಯ ಸುಣ್ಣವನ್ನು ಬಿಟ್ಟು ಕದಡಿದಳು. ನೀರು ಕೆಂಪಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ತಟ್ಟೆ ಮುಖದ ಮುಂದೆ ಸುತ್ತಿದ್ದು ಗೊತ್ತಾಯಿತು, ಒದ್ದೆ ಬೆರಳು ಹಣೆಗೆ ತಗುಲಿತು.

"ಅಮ್ಮ, ಹೆಸರು ಉಳೀಲಿಲ್ಲ. ಕೆಲಸಾನೂ ಇಲ್ಲ."

ಅವಳ ಕೈ ಅಲ್ಲೇ ನಿಂತಿತು. "ಯಾಕೆ? ಏನಾಯ್ತು? ಹೊಳೀತಿತ್ತು ಅಂದ್ಯಲ್ಲ?"

ಅರಿಶಿನದ ಮಾತು ನಾಲಿಗೆ ತುದಿಯವರೆಗೆ ಬಂತು. ಅವಳ ಸೆರಗಿನ ಮೇಲೆ ಸುಣ್ಣ ಬೆರೆಸುವ ಮೊದಲೇ ಬಿದ್ದ ಹಳದಿ ಹನಿಯೊಂದಿತ್ತು. "ಯಾವನೋ ಹಳೇ ಕಾಲದೋನು ಉಳಿ ಜಾರಿಸಿ ಕೆತ್ತಿಬಿಟ್ಟಿದ್ನಂತೆ" ಎಂದೆ. ಸುಳ್ಳೇನೂ ಅಲ್ಲ.

ಅಮ್ಮನ ಮುಖ ಕೆಂಪೇರಿತು. "ಅವನ ಕೈ ಸೇದಿಹೋಗ! ಗೊತ್ತಿಲ್ದಿದ್ರೆ ಸುಮ್ನೆ ಇರ್ಬೇಕಪ್ಪ. ಬೇರೆಯೋರ ವಸ್ತು ಯಾಕೆ ಮುಟ್ಟಬೇಕಿತ್ತು? ನನ್ನ ಮಗಳ ಜೀವನಾನೇ ಹಾಳು ಮಾಡ್ಬಿಟ್ನಲ್ಲ!" ಎಂದು ಬಯ್ಯುತ್ತಲೇ ಕೆಂಪು ನೀರನ್ನು ಡ್ರೈವ್‌ವೇಯ ಅಂಚಿಗೆ ಚೆಲ್ಲಿದಳು. ಅಣ್ಣ ಪೆಟ್ಟಿಗೆ ಹಿಡಿದುಕೊಂಡು ತಲೆ ತಗ್ಗಿಸಿ ನಮ್ಮನ್ನು ದಾಟಿ ಒಳಗೆ ಹೋದ.

ಕಸುಬು ಅಲ್ಲಿಗೆ ಮುಗಿಯಿತು. ಗುತ್ತಿಗೆ ತೀರಿದ ಮೇಲೆ ರಸ್ತೆಗೆ ಹಾಕುವ ಜಲ್ಲಿಯನ್ನು ಪರೀಕ್ಷಿಸುವ ಲ್ಯಾಬೊಂದರಲ್ಲಿ ಸೇರಿಕೊಂಡೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಲ್ಲು ಜರಡಿ ಹಿಡಿಯುವುದು, ತೂಗುವುದು. ಆ ಜಲ್ಲಿಗೆ ಯಾರೂ ಹೆಸರಿಡುವುದಿಲ್ಲ, ಯಾರೂ ಮುಳುಗಿಸುವುದೂ ಇಲ್ಲ. ಅಡಿಲೇಡಿನಿಂದ ಸುದ್ದಿ ಬರಲಿಲ್ಲ, ನಾನು ಕೇಳಲಿಲ್ಲ. ಬ್ರಶ್ಶುಗಳ ಸುರುಳಿ ಬೀರುವಿನಲ್ಲಿ ಸ್ವೆಟರುಗಳ ಕೆಳಗೆ ಬಿದ್ದಿತ್ತು.

ಮುಂದಿನ ವರ್ಷದ ಆಯುಧಪೂಜೆಗೆ ಅಮ್ಮ ಗ್ಯಾರೇಜಿನಲ್ಲಿ ಸೀರೆ ಹಾಸಿದಳು. ಮಿಕ್ಸಿ, ಲ್ಯಾಪ್‌ಟಾಪು, ಸ್ಟಾರ್ಟಾಗದ ಮಿಷನ್ನು ಎಲ್ಲ ಬಂದವು. ಆಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಎಲ್ಲೇ ನಿನ್ನ ಬ್ರಶ್ಶುಗಳು? ಕೊಡು ಇಲ್ಲಿ."

"ಅದನ್ನೀಗ ಉಪಯೋಗಿಸ್ತಿಲ್ಲಮ್ಮ, ಬಿಡು."

"ಅದಕ್ಕೇ ಕಣೇ ಕೊಡು ಅಂತಿರೋದು." ಅವಳ ಬೆರಳುಗಳು ಆಗಲೇ ಹಳದಿಯಾಗಿದ್ದವು. "ಹೋದ್ಸಲ ಕಲೆ ಆಗುತ್ತೆ ಅಂತ ಹೆದರ್ಕೊಂಡು, ಸುಮ್ನೆ ಸೋಕಿಸಿ ಒರೆಸಿಬಿಟ್ಟೆ. ಮನಸ್ಸಿಟ್ಟು ಮಾಡ್ಲಿಲ್ಲ, ಅದಕ್ಕೇ ಕೈ ಹಿಡೀಲಿಲ್ಲ. ನಂದೇ ತಪ್ಪು ಅಂತ ವರ್ಷವೆಲ್ಲಾ ಅಂದ್ಕೊಂಡಿದೀನಿ ನಾನು. ಈ ಸಲ ಚೆನ್ನಾಗಿ ಹಚ್ತೀನಿ, ಒರೆಸೋದೇ ಇಲ್ಲ."

ನಾನು ಬೀರು ತೆರೆದು, ಸ್ವೆಟರುಗಳನ್ನು ಸರಿಸಿ, ಸುರುಳಿಯನ್ನು ಅವಳ ಕೈಗೆ ಕೊಟ್ಟೆ.